ಲಂಕೆಯ ಆಕಾಶಬುಟ್ಟಿ

"ಇಳೀರಿ, ಇಳೀರಿ, ಮದ್ರಾಸ ಬಂತು," ಎನ್ನುತ್ತ ಅನಸೂಯಾಬಾಯಿ ಅಡುಗೆಮನೆಯ ನೆಲದ ಮೇಲೆ ಇನ್ನೊಂದು ತೊಗರಿಕಾಳು ಇಟ್ಟಳು. ಒಲೆಯ ಬುಡದಲ್ಲಿ ಕಲಬುರ್ಗಿ ಇತ್ತು. ಅಲ್ಲಿಂದ ವಾಡಿ, ರಾಯಚೂರು, ಗುಂತಕಲ್ಲು ಎಂದು ಸ್ಟೇಷನ್ನಿಗೊಂದು ಕಾಳಿನಂತೆ ಸಾಲು ಹಿಡಿದು ಹೋದರೆ ಬೀಸುವ ಕಲ್ಲಿನ ಹತ್ತಿರ ಧನುಷ್ಕೋಟಿ ಸಿಗುತ್ತಿತ್ತು. ಆಮೇಲೆ ಒಂದು ಗೇಣು ಬರೀ ನೆಲ. ಅದು ಸಮುದ್ರ. ಅದರಾಚೆ ಇಟ್ಟಿದ್ದ ಬೆಲ್ಲದ ಹೆಂಟೆಯೇ ಲಂಕೆ. ಬೆಲ್ಲಕ್ಕೆ ಆಗಲೇ ಇರುವೆ ಹತ್ತಿದ್ದವು.

"ನೋಡು ಮಥುರಾ, ನಮಗಿಂತ ಮೊದಲ ಎಷ್ಟ ಮಂದಿ ಹೋಗಿ ಮುಟ್ಟ್ಯಾರ!"

ಹೀರೇಕಾಯಿ ಹೆಚ್ಚುತ್ತಿದ್ದ ತಮ್ಮನ ಹೆಂಡತಿ ಮಥುರಾಬಾಯಿಗೆ ನಗು ಬರಲಿಲ್ಲ. ಗಾಣಗಾಪುರದಲ್ಲಿ ಭೀಮಾ ನದಿಯ ಮೆಟ್ಟಿಲು ಇಳಿಯುವುದಕ್ಕೇ ಗಂಡನ ಕೈ ಹಿಡಿಯುವ ಹೆಂಗಸು ಅವಳು.

"ಅಕ್ಕಾರ, ನಡೂ ನೀರಾಗ ಹಡಗ ಕೆಟ್ಟು ನಿಂತ್ರ ಏನ ಗತಿ?"

"ನಿನ್ನ ಇಳಿಸಿ ನೂಕಸ್ತಾರ. ಸುಮ್ನ ಕಾಯಿಪಲ್ಯಾ ಹೆಚ್ಚು."

ಈ ಹುಚ್ಚು ಹತ್ತಿಸಿದವರು ವಕೀಲ ಬುರ್ಹಾನುದ್ದೀನ್ ಸಾಹೇಬರು. ಹಿಂದಿನ ಬೇಸಿಗೆಯ ರಜೆಯಲ್ಲಿ ಅವರು ಕೊಲಂಬೋ ನೋಡಿಕೊಂಡು ಬಂದಿದ್ದರು. ಬಂದ ಮೇಲೆ ಅದಾಲತಿನಲ್ಲಿ ಅವರ ಬಾಯಲ್ಲಿ ಮೊಕದ್ದಮೆಗಿಂತ ತೆಂಗಿನ ಮರಗಳೇ ಹೆಚ್ಚು. ವೈಶಾಖದ ಹುಣ್ಣಿಮೆಗೆ ಅಲ್ಲಿಯವರು ಬುದ್ಧನ ಹೆಸರಿನಲ್ಲಿ ಊರ ತುಂಬ ಕಾಗದದ ಆಕಾಶಬುಟ್ಟಿ ಕಟ್ಟುತ್ತಾರಂತೆ. ಮನೆ, ಅಂಗಡಿ, ಎತ್ತಿನ ಗಾಡಿ, ದೋಣಿ ಏನನ್ನೂ ಬಿಡುವುದಿಲ್ಲವಂತೆ. ಬೀದಿಯಲ್ಲಿ ಡೋಲು, ಕುಣಿತ, ಕಂಡ ಕಂಡವರಿಗೆ ಶರಬತ್ತು. ಕೇಳಿ ಕೇಳಿ ಜೊತೆಯ ವಕೀಲನಾದ ಅನಸೂಯಾಬಾಯಿಯ ತಮ್ಮ ವೆಂಕಟರಾಯನಿಗೂ ತಲೆ ಕೆಟ್ಟಿತು. ಒಂದು ದಿನ ಊಟಕ್ಕೆ ಕುಳಿತವನು, "ನಾವೂ ಹೋಗೂಣು. ಮೂರೂ ಮಂದಿ," ಎಂದುಬಿಟ್ಟ.

ಮೂರೂ ಮಂದಿ ಎಂದರೆ ಅವನು, ಹೆಂಡತಿ, ಅಕ್ಕ. ಬಡಿಸುತ್ತಿದ್ದ ಅನಸೂಯಾಬಾಯಿಯ ಕೈಯಲ್ಲಿ ಸಾರಿನ ಸೌಟು ಹಾಗೇ ನಿಂತಿತು. ಹನ್ನೊಂದನೆಯ ವರ್ಷಕ್ಕೆ ಗಂಡ ಸತ್ತು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ತವರಿಗೆ ಬಂದವಳು ಅವಳು. ಆಗ ವೆಂಕಟರಾಯ ನಾಲ್ಕು ವರ್ಷದ ಕೂಸು. ತಾಯಿ ಹೋದ ಮೇಲೆ ಅವನಿಗೆ ಉಣಿಸಿ, ತೊಳೆದು, ಓದಿಗೆ ಕೂಡಿಸಿ, ಮದುವೆ ಮಾಡಿದ್ದೆಲ್ಲ ಅವಳೇ. ಮೂವತ್ತೈದು ವರ್ಷದಲ್ಲಿ ಅವಳನ್ನು ಕೆಲಸಕ್ಕೆ ಎಲ್ಲರೂ ಲೆಕ್ಕ ಹಿಡಿದಿದ್ದರು. ಮೋಜಿಗೆ ಯಾರಾದರೂ ಹಿಡಿದದ್ದು ಅದೇ ಮೊದಲು.

ಅಂದಿನಿಂದ ಎರಡು ತಿಂಗಳು ಅವಳು ನೆಲದ ಮೇಲೆ ಇರಲಿಲ್ಲ. ತಮ್ಮನ ಹಳೆಯ ಪುಸ್ತಕದಲ್ಲಿ ಇಂಗ್ಲಿಷಿನ ಅಕ್ಷರ ಕಲಿತು ರೈಲಿನ ವೇಳಾಪಟ್ಟಿಯನ್ನು ಬಾಯಿಪಾಠ ಮಾಡಿದಳು. ನೀರು ಸೋಕಿಸದೆ ಹುರಿದು ಮಾಡಿದ ಅವಲಕ್ಕಿ, ಉಂಡೆಗಳಿಗೆ ದಾರಿಯಲ್ಲಿ ಮೈಲಿಗೆ ಇಲ್ಲವೆಂದು ಡಬ್ಬಿಗಳನ್ನು ಬೆಳಗಿಟ್ಟಳು. ಪಂಚಾಂಗ ಬಿಡಿಸಿ ಹುಣ್ಣಿಮೆಯಿಂದ ಹಿಂದಕ್ಕೆ ಲೆಕ್ಕ ಹಾಕಿದಳು. ರಾಮೇಶ್ವರದಲ್ಲಿ ಒಂದೇ ದಿನ, ಚತುರ್ದಶಿಗೆ ಹಡಗು, ಹುಣ್ಣಿಮೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊಲಂಬೋ. ಊರಿನ ಅಪ್ಪನ ಕೆರೆಗಿಂತ ದೊಡ್ಡ ನೀರೆಂದರೆ ಭೀಮಾ ನದಿಯೊಂದನ್ನೇ ಕಂಡವಳು, ಸಮುದ್ರ ಯಾವ ಕಡೆಯ ಕಿಟಕಿಗೆ ಮೊದಲು ಕಾಣುತ್ತದೆಂದು ಕೂಡ ಕೇಳಿ ತಿಳಿದುಕೊಂಡಿದ್ದಳು.

ಉಳಿದದ್ದು ಒಂದೇ ತೊಡಕು. ಕಮಲಾಪುರದಲ್ಲಿದ್ದ ಗೋಪಾಲಾಚಾರ್ಯರು ಒಪ್ಪಬೇಕಿತ್ತು. ಅಕ್ಕ ತಮ್ಮಂದಿರಿಗೆ ಅವರು ಕಾಕಾ, ಮನೆತನಕ್ಕೆ ಹಿರಿಯರು. ಸಮುದ್ರ ದಾಟಿದವರ ಪಂಕ್ತಿಯಲ್ಲಿ ಅವರು ಊಟಕ್ಕೆ ಕೂಡದಿದ್ದರೆ ಬೀಗರು ಬಿಜ್ಜರು ಯಾರೂ ಕೂಡುವುದಿಲ್ಲ.

ನಸುಕಿನಲ್ಲಿ ಬಂಡಿ ಹೂಡಿಸಿಕೊಂಡು ಮೂವರೂ ಹೊರಟು ಊಟದ ಹೊತ್ತಿಗೆ ಕಮಲಾಪುರ ಮುಟ್ಟಿದರು. ವಿಷಯ ಕೇಳಿಕೊಂಡ ಆಚಾರ್ಯರು ಮೊದಲು ಉಂಡು ಕೈ ತೊಳೆದರು. ತೋಟದಿಂದ ಬಂದ ಕೆಂಪು ಬಾಳೆಯ ಗೊನೆಗಳು ತೂಗುತ್ತಿದ್ದ ತೊಲೆಯ ಕೆಳಗೆ ಕುಳಿತು, ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು.

"ಸೇತು ತನಕ ಹೋಗ್ರಿ. ಸ್ನಾನ ಮಾಡ್ರಿ, ಪುಣ್ಯ ಅದ. ಅಲ್ಲಿಂದ ಆಚಿಗೆ ಹಡಗ ಹತ್ತಿದ್ರ ಜಾತಿ ಉಳಿಯೂದಿಲ್ಲ."

ಅದಾಲತಿನಲ್ಲಿ ಉರ್ದುವಿನಲ್ಲಿ ತಾಸುಗಟ್ಟಲೆ ವಾದಿಸುವ ವೆಂಕಟರಾಯ ಚಾಪೆಯ ಎಳೆ ಕೀಳುತ್ತ ಕುಳಿತ. ಬಾಗಿಲ ಮರೆಯಿಂದ ಅನಸೂಯಾಬಾಯಿಯೇ ಬಾಯಿ ಬಿಡಬೇಕಾಯಿತು.

"ಕಾಕಾ, ಪ್ರಾಣದೇವರು ಲಂಕಾಕ್ಕ ಹಾರಿ ಹೋಗಿ ಬಂದ್ರಲ್ಲ, ಅವರಿಗೆ ಪಂಚಗವ್ಯ ಯಾರು ಕುಡಿಸಿದ್ರು?"

ಆಚಾರ್ಯರು ನಗಬಾರದೆಂದುಕೊಂಡರು, ಆದರೂ ನಕ್ಕರು. "ಅವರು ನೀರು ಮುಟ್ಟಲಿಲ್ಲ, ಅನಸೂ."

"ನಾವೂ ಮುಟ್ಟೂದಿಲ್ಲ. ನೀರು ಮುಟ್ಟೂದು ಹಡಗ." ಸಡಿಲು ಸಿಕ್ಕಿತೆಂದು ಅವಳಿಗೆ ಹುರುಪು ಬಂತು. ದಾರಿಯುದ್ದಕ್ಕೂ ಹೆಣೆದದ್ದನ್ನೆಲ್ಲ ಮುಂದಿಟ್ಟಳು. "ಬಂದ ಮ್ಯಾಲೆ ಹನ್ನೆರಡು ದಿನ ಹೊರಗಿನ ಪಡಸಾಲ್ಯಾಗ ಇರೂದು. ದೇವರಮನಿ, ಅಡಗಿಮನಿ ಮುಟ್ಟೂದಿಲ್ಲ. ತಂದ ಸಾಮಾನು ಚಿಂದಿ ಇರ್ಲಿ ಚಿನ್ನ ಇರ್ಲಿ, ನೀರು ಹಾಕೇ ಒಳಗ ತೊಗೊಳ್ಳೂದು. ಹದಿಮೂರನೇ ದಿನ ನಿಮ್ಮ ಕೈಯಿಂದ ಪಂಚಗವ್ಯ. ವಿಲಾಯತಿಗೆ ಹೋದವರೇ ಹಿಂಗ ಮಾಡಿ ಒಳಗ ಬಂದಾರ. ನಾವು ಹೊಂಟಿದ್ದು ರಾಮದೇವರು ಕಾಲಿಟ್ಟ ನೆಲಕ್ಕ."

ಆಚಾರ್ಯರು ಬಹಳ ಹೊತ್ತು ಎಲೆ ಜಗಿದರು. "ಮಾತು ಬರೋಬರಿ ಅದ," ಎಂದರು ಕೊನೆಗೆ. ಮಥುರಾಬಾಯಿಯ ಮುಖ ಇಳಿಯಿತು. ಅನಸೂಯಾಬಾಯಿ ಮನಸ್ಸಿನಲ್ಲೇ ಹಡಗಿನ ಮೆಟ್ಟಿಲ ಮೇಲೆ ಕಾಲಿಟ್ಟಾಗಿತ್ತು.

"ಹೋಗೂದು ಬರೂದು ಇಪ್ಪತ್ತು ದಿನ, ಆಮ್ಯಾಲೆ ಹನ್ನೆರಡು. ಪೂಜಾಕ್ಕ ನಾ ಬಂದು ಇರ್ತೀನಿ," ಎಂದು ಆಚಾರ್ಯರು ಮುಂದುವರಿಸಿದರು. "ನೈವೇದ್ಯ ಯಾರು ಮಾಡ್ತಾರ?"

ಕಲಬುರ್ಗಿಯ ಮನೆಯ ದೇವರಿಗೆ ಮನೆಯ ಹೆಂಗಸೇ ಮಡಿಯಲ್ಲಿ ಅಡುಗೆ ಮಾಡಬೇಕು. ಹೊರಗಿನ ಕೈ ನಾಲ್ಕು ತಲೆಮಾರಿನಿಂದ ಸೋಕಿಲ್ಲ. ಅನಸೂಯಾಬಾಯಿಗೆ ಇದು ಗೊತ್ತಿಲ್ಲದ್ದೇನಲ್ಲ. ಮೂವತ್ತು ವರ್ಷದಿಂದ ಒದ್ದೆ ಸೀರೆ ಉಟ್ಟು ಅದನ್ನು ಮಾಡುತ್ತಿದ್ದವಳೇ ಅವಳು. ಹಾಗೆಂದೇ ಅದು ಹೊಳೆದಿರಲಿಲ್ಲ. ಲೆಕ್ಕದಲ್ಲಿ ಗಾಡಿ ಹಿಡಿದಿದ್ದಳು, ಹಡಗು ಹಿಡಿದಿದ್ದಳು, ಪೂಜೆಯನ್ನೂ ಹಿಡಿದಿದ್ದಳು. ಒಲೆಯ ಮುಂದೆ ಕೂಡುವವಳನ್ನು ಮಾತ್ರ ಮರೆತಿದ್ದಳು.

"ನಾ ಇರ್ತೀನ್ರಿ ಕಾಕಾ," ಎಂದಳು ಮಥುರಾಬಾಯಿ. ಅವಳ ದನಿಯಲ್ಲಿ ಬೇಡಿಕೆಯೇ ಇತ್ತು. "ನನಗ ಹಡಗ ಅಂದ್ರ ಅಂಜಿಕಿ. ಅಕ್ಕಾರು ಹೋಗ್ಲಿ."

"ತಿಂಗಳಿಗೆ ನಾಕು ದಿನ ದೂರ ಕೂಡಾಕಿ ನೀ. ಆ ದಿನ ದೇವರು ಉಪಾಸ ಇರಬೇಕೇನು?" ಎಂದರು ಆಚಾರ್ಯರು. "ಅನಸೂಯಾಗ ಈಗ ಆ ತಂಟೆ ಇಲ್ಲ."

ತಮ್ಮನ ಎದುರಿಗೆ ಈ ಮಾತು ಆಡಿದ್ದಕ್ಕೆ ಅನಸೂಯಾಬಾಯಿಯ ಕಿವಿ ಬಿಸಿಯಾದವು. ಆದರೂ ಅವಳು ತಮ್ಮನ ಮುಖವನ್ನೇ ನೋಡಿದಳು. ಅವನು ಹೆಚ್ಚೇನೂ ಹೇಳಬೇಕಿರಲಿಲ್ಲ. ಹಾಗಾದರೆ ಯಾರೂ ಹೋಗುವುದು ಬೇಡ ಎಂದಿದ್ದರೆ ಸಾಕಿತ್ತು. ಅವಳು ಅಷ್ಟಕ್ಕೇ ತೃಪ್ತಳಾಗಿ ಬಂಡಿ ಹತ್ತುತ್ತಿದ್ದಳು. ವೆಂಕಟರಾಯ ತೊಲೆಯ ಗೊನೆಗಳನ್ನು ನೋಡಿದ, ಕಾಕಾನನ್ನು ನೋಡಿದ.

"ಅಕ್ಕ ಇದ್ದಾಳಲ್ಲ ಕಾಕಾ," ಎಂದ, ಕಳೆದುಹೋದ ಸಾಮಾನು ಕೈಗೆ ಸಿಕ್ಕವನಂತೆ.

ತಿರುಗಿ ಬರುವಾಗ ಬಂಡಿಯಲ್ಲಿ ಎರಡು ಗೊನೆ ಕೆಂಪು ಬಾಳೆ ಇದ್ದವು. ಅರ್ಧ ದಾರಿಗೆ ವೆಂಕಟರಾಯನಿಗೆ ಸಮಾಧಾನ ಹೇಳುವ ಮನಸ್ಸಾಯಿತು.

"ಮುಂದಿನ ವರ್ಷ ನಿನ್ನ ರಾಮೇಶ್ವರಕ್ಕ ಕರಕೊಂಡ ಹೋಗ್ತೀನಿ ಅಕ್ಕಾ. ಖರೇನ."

"ರಾಮೇಶ್ವರನೂ ಕುಂತಲ್ಲೇ ಕುಂತಾನ, ನಾನೂ ಕುಂತಲ್ಲೇ ಕುಂತೀನಿ. ಅವಸರ ಯಾರಿಗದ?"

ಅವನು ಅದನ್ನು ತಮಾಷೆ ಎಂದುಕೊಂಡ, ಇಲ್ಲವೆ ಹಾಗೆ ಅಂದುಕೊಳ್ಳುವುದು ಸುಲಭವಾಯಿತು. "ಮತ್ತ, ನಿನ್ನ ಹೊಂದಿಕಿ ಎಲ್ಲಾ ಕಾಗದದ ಮ್ಯಾಲೆ ಬರದು ಕೊಡು," ಎಂದ. "ನನಗ ಆ ಗಾಡಿ ಬದಲಿ ಮಾಡೂದೆಲ್ಲ ತಿಳಿಯೂದಿಲ್ಲ."

ಮರುದಿನ ಮಧ್ಯಾಹ್ನ ಅನಸೂಯಾಬಾಯಿ ಬರೆಯಲು ಕುಳಿತಳು. ಯಾವ ಗಾಡಿ ಎಲ್ಲಿ ಬದಲಿಸಬೇಕು, ಮದ್ರಾಸಿನಲ್ಲಿ ಯಾವ ಬ್ರಾಹ್ಮಣರ ಖಾನಾವಳಿ, ಹಡಗು ಹತ್ತುವ ಮೊದಲು ತಪಾಸಣೆ ಮಾಡುವ ಡಾಕ್ಟರನಿಗೆ ಏನು ಹೇಳಬೇಕು, ಒಂದನ್ನೂ ಬಿಡಲಿಲ್ಲ. ರಾಮೇಶ್ವರಕ್ಕೆ ಬಂದಾಗ ಕೈ ನಿಂತಿತು. ಆಮೇಲೆ 'ಒಂದು ದಿನ' ಎಂದು ಬರೆಯಬೇಕಾದಲ್ಲಿ 'ನಾಲ್ಕು ದಿನ' ಎಂದು ಬರೆದಳು. ಕೆಳಗೆ, ಎಲ್ಲ ತೀರ್ಥಗಳ ಸ್ನಾನವನ್ನೂ ಸಾವಕಾಶವಾಗಿ ಮಾಡಬೇಕು, ಅವಸರ ಮಾಡಬಾರದು ಎಂದು ಸೇರಿಸಿದಳು. ಪ್ರಯಾಣದ ಹಿಂದಿನ ದಿನ ಪೂಜೆಗೆಂದು ಬಂದ ಗೋಪಾಲಾಚಾರ್ಯರು ಅದನ್ನು ಓದಿ ಬಹಳ ಮೆಚ್ಚಿದರು.

ಹುಣ್ಣಿಮೆಯ ಸಂಜೆ ಅವಳು ಅಂಗಳದ ಕಟ್ಟೆಯ ಮೇಲೆ ಕುಳಿತಿದ್ದಳು. ಚಂದ್ರ ಮೇಲೆ ಬಂದ. ಲಂಕೆಯಲ್ಲಿ ಈಗ ದೀಪ ಹಚ್ಚಿರುತ್ತಾರೆ. ತಮ್ಮ ರಾಮೇಶ್ವರದ ಯಾವುದೋ ಬಾವಿಯ ಕಟ್ಟೆಯಲ್ಲಿ ತಲೆ ಒರೆಸಿಕೊಳ್ಳುತ್ತಿರುತ್ತಾನೆ. ಅವಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಸುಖವಾಯಿತು. ಆ ಸುಖ ಮಲಗುವ ಹೊತ್ತಿನವರೆಗೂ ಉಳಿಯಲಿಲ್ಲ.

ಹೋದವರು ತಿರುಗಿ ಬಂದು ಪಡಸಾಲೆಯಲ್ಲಿ ಇಳಿದರು. ವೆಂಕಟರಾಯ ಕಪ್ಪಗೆ, ದಪ್ಪಗೆ ಆಗಿದ್ದ. ಮಥುರಾಬಾಯಿ ಹಡಗಿನಲ್ಲಿ ಹೋಗುವಾಗಲೂ ಬರುವಾಗಲೂ ವಾಂತಿ ಮಾಡಿ ಸೊರಗಿ ಅರ್ಧವಾಗಿದ್ದಳು. ಅನಸೂಯಾಬಾಯಿ ದೂರ ನಿಂತು ಎಲೆಯ ಮೇಲೆ ಎತ್ತರದಿಂದ ಅನ್ನ ಹಾಕಿದಳು, ಬದಿಗೆ ಒಂದೊಂದು ಕೆಂಪು ಬಾಳೆಹಣ್ಣು ಇಳಿಬಿಟ್ಟಳು.

"ಅಲ್ಲೂ ಇದೇ ಕೆಂಪು ಬಾಳಿ ಮಾರ್ತಾರ ಅಕ್ಕಾ, ರುಚಿನೂ ಇದೇ," ಎಂದ ವೆಂಕಟರಾಯ ಹಣ್ಣು ಸುಲಿಯುತ್ತ. "ನೀ ಏನೂ ಕಳಕೊಂಡಿಲ್ಲ ನೋಡು."

ಊಟ ಮುಗಿಸಿ ಅವನು ಬೇವಿನ ಮರದ ನೆರಳಿಗೆ ಹೋದ. ಮಥುರಾಬಾಯಿ ಎಲೆ ಎತ್ತಿ ಬಂದು ಹೊಸ್ತಿಲಿನಾಚೆ ನಿಂತಳು.

"ನಾವು ಹೋಗೂದ್ರಾಗ ಎಲ್ಲಾ ಮುಗದಿತ್ತು ಅಕ್ಕಾರ. ಬಿದರ ಕಡ್ಡಿ, ಹರದ ಕಾಗದ. ಮಂದಿ ಬೀದಿ ಕಸಾ ಹೊಡೀತಿದ್ರು. ಅಕ್ಕನ ಲೆಕ್ಕ ಎಂದೂ ತಪ್ಪೂದಿಲ್ಲ, ಇದು ಹ್ಯಾಂಗ ತಪ್ಪಿತು ಅಂದ್ರು ಇವ್ರು."

ಅನಸೂಯಾಬಾಯಿ ಅನ್ನದ ಪಾತ್ರೆಯ ಮುಚ್ಚಳ ಸರಿಮಾಡಿದಳು.

"ಪಂಚಾಂಗ ನನಗೂ ಓದಲಿಕ್ಕೆ ಬರ್ತದ," ಎಂದಳು ಮಥುರಾಬಾಯಿ, ದನಿ ತಗ್ಗಿಸಿ. "ರಾಮೇಶ್ವರದಾಗ ಎರಡನೇ ದಿನಾನೇ ತಿಳೀತು. ಇವ್ರಿಗೆ ಹೇಳಲಿಲ್ಲ."

ಸೆರಗಿನ ಒಳಗಿಂದ ಅವಳು ಒಂದು ಆಕಾಶಬುಟ್ಟಿ ತೆಗೆದಳು. ಕೆಂಪು, ಹಳದಿ ಕಾಗದದ್ದು, ಕಮಲದ ಮೊಗ್ಗಿನಂತೆ ಮಾಡಿದ್ದು. ಒಂದು ಮೂಲೆಗೆ ಸ್ವಲ್ಪ ಸುಟ್ಟಿತ್ತು. ಹಡಗು, ರೈಲುಗಳನ್ನೆಲ್ಲ ದಾಟಿ ಅದು ಹೇಗೆ ನಜ್ಜುಗುಜ್ಜಾಗದೆ ಬಂತೋ, ತೊಡೆಯ ಮೇಲೆ ಇಟ್ಟುಕೊಂಡವಳಿಗೇ ಗೊತ್ತು.

"ಒಂದು ಮನಿ ಕಟ್ಟಿ ಮ್ಯಾಲೆ ಉಳದಿತ್ತು. ನಿಮಗಂತ ಕೇಳಿ ತೊಗೊಂಡೆ."

ಅನಸೂಯಾಬಾಯಿಯ ಎರಡೂ ಕೈ ತಾವಾಗಿಯೇ ಮುಂದೆ ಬಂದವು, ಬಂದು ಹೊಸ್ತಿಲ ಮೇಲೆ ನಿಂತವು. ಒಲೆಯ ಮೇಲೆ ಸಂಜೆಯ ನೈವೇದ್ಯಕ್ಕೆ ಹಾಲು ಇತ್ತು. ಉಟ್ಟದ್ದು ಮಡಿ ಸೀರೆ. ಒಳಗೆ ಗೋಪಾಲಾಚಾರ್ಯರು ಕೆಮ್ಮಿದರು.

"ಏನು ಅದು, ಅನಸೂ? ಅಲ್ಲಿಂದ ತಂದದ್ದೇನು? ನೀರು ಹಾಕಿ ತೊಗೋ. ನೀನೇ ಹೇಳೀದಿ ಆವತ್ತು."

"ಹನ್ನೆರಡು ದಿನ ಇಲ್ಲೇ ಗೂಟಕ್ಕ ತೂಗು ಹಾಕ್ತೀನಿ ಅಕ್ಕಾರ," ಎಂದಳು ಮಥುರಾಬಾಯಿ ಗಾಬರಿಯಿಂದ. "ಆಮ್ಯಾಲೆ ನೋಡೂಣು."

"ಆಮ್ಯಾಲೂ ನೀರು ಬೀಳಬೇಕಲ್ಲ." ಅನಸೂಯಾಬಾಯಿ ಒಳಗೆ ಹೋಗಿ ತುಂಬಿದ ತಂಬಿಗೆ ತಂದಳು. "ಇಡು ಕೆಳಗ."

ಮಥುರಾಬಾಯಿ ಇಡಲಿಲ್ಲ. ಅನಸೂಯಾಬಾಯಿ ಕಾದಳು. ಕೊನೆಗೆ ಮಥುರಾಬಾಯಿ ಬಗ್ಗಿ ಅದನ್ನು ಮೆಟ್ಟಿಲ ಕಲ್ಲಿನ ಮೇಲೆ ಇಟ್ಟು ಮುಖ ಆಚೆ ತಿರುಗಿಸಿದಳು. ಅನಸೂಯಾಬಾಯಿ ಮಾತ್ರ ತಿರುಗಿಸಲಿಲ್ಲ. ಅವಸರವಿಲ್ಲದೆ, ಎಲ್ಲ ಮಗ್ಗುಲಿಗೂ ಬೀಳುವಂತೆ ನೀರು ಹನಿಸಿದಳು. ಕಾಗದ ಮೊದಲು ಹೊಳೆಯಿತು, ಆಮೇಲೆ ಜೋತು ಬಿತ್ತು. ಕೆಂಪು ನೀರು ಮೆಟ್ಟಿಲಿಳಿದು ಅಂಗಳದ ಮಣ್ಣಿಗೆ ಹೋಯಿತು. ತಂಬಿಗೆ ಬರಿದಾಗುವ ಹೊತ್ತಿಗೆ ಬಿದಿರಿನ ಕಡ್ಡಿಗಳಷ್ಟೇ ಉಳಿದಿದ್ದವು. ಅವುಗಳಿಗೆ ಈಗ ಮೈಲಿಗೆ ಇರಲಿಲ್ಲ.

ಅವಳು ಅವನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಒಲೆಯ ಮೇಲಿನ ಗೂಟಕ್ಕೆ ತೂಗುಹಾಕಿ ಹಾಲಿನ ಮುಂದೆ ಕುಳಿತಳು. ಕಡ್ಡಿಗಳಿಂದ ಒಂದೊಂದೇ ಹನಿ ಅವಳ ಬೋಳು ತಲೆಯ ಸೆರಗಿನ ಮೇಲೆ ಬೀಳುತ್ತಿತ್ತು.