ಅಂಚಿನ ಸಾಲಿನ ರಾಗಿ

ಸೆಪ್ಟೆಂಬರ್ ಕೊನೆಯ ಶುಕ್ರವಾರ ಬೆಳಿಗ್ಗೆ ನಮ್ಮ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದ ಹೊಲಕ್ಕೆ ಹೋದಾಗ ರಾಗಿಗೆ ತೆನೆ ಬಂದಿತ್ತು. ಸೋಮವಾರ ಬರೀ ಹಸಿರು ಗರಿಯಾಗಿದ್ದದ್ದು ನಾಲ್ಕೇ ದಿನದಲ್ಲಿ ಕೈ ಎತ್ತಿಕೊಂಡು ನಿಂತಿತ್ತು. ಎಲ್ಲ ಸಾಲುಗಳಲ್ಲೂ ತೆನೆ ಪುಟ್ಟ ಮಗುವಿನ ಮುಷ್ಟಿಯಂತೆ ಬಿಗಿಯಾಗಿ ಮುಚ್ಚಿಕೊಂಡಿತ್ತು. ಏಳನೇ ತಾಕಿನ ಮೂರನೇ ಸಾಲಿನಲ್ಲಿ ಮಾತ್ರ ಬೆರಳು ಬಿಚ್ಚಿಕೊಂಡು, ತುದಿಯಲ್ಲಿ ನೇರಳೆ ಬಣ್ಣ ತೋರಿಸುತ್ತ, ಗಾಳಿ ಬಂದಾಗಲೆಲ್ಲ ನನ್ನನ್ನೇ ಕರೆಯುತ್ತಿತ್ತು.

ಅದು ನಮ್ಮಜ್ಜಿಯ ರಾಗಿ. ಅದು ಅಲ್ಲಿ ಇರಬಾರದಿತ್ತು.

ಕೋಗಿಲಿನಲ್ಲಿ ನಮ್ಮ ಹೊಲ ಬಡಾವಣೆಯಾಗಿ, ಅದರಲ್ಲೇ ನಮ್ಮ ನಾಲ್ಕಂತಸ್ತಿನ ಮನೆ ಎದ್ದು, ಮೂರು ಅಂತಸ್ತಿಗೆ ಬಾಡಿಗೆಯವರು ಬಂದು ಹದಿನೈದು ವರ್ಷವಾಯಿತು. ಆದರೂ ಅಜ್ಜಿ ಮುನಿಕೃಷ್ಣಮ್ಮ ತನ್ನ ರಾಗಿಯನ್ನು ಬಿಟ್ಟಿರಲಿಲ್ಲ. ಟೆರೇಸಿನ ಮೇಲೆ ಪೇಂಟ್ ಬಕೆಟ್‌ಗಳಲ್ಲಿ ವರ್ಷ ವರ್ಷ ಬಿತ್ತುತ್ತಿದ್ದಳು. ತೆನೆ ಬಿಚ್ಚಿದ ಕೈಯಂತೆ ಇರುವುದರಿಂದ ಮನೆಯಲ್ಲಿ ಅದಕ್ಕೆ ಬಿಚ್ಚುಗೈ ರಾಗಿ ಎಂದು ಹೆಸರು. ಒಂದು ಮುದ್ದೆಗಾಗುವಷ್ಟೂ ಬೆಳೆಯುತ್ತಿರಲಿಲ್ಲ. ಮುಂದಿನ ವರ್ಷಕ್ಕೆ ಬೀಜವಾದರೆ ಸಾಕು ಎನ್ನುತ್ತಿದ್ದಳು.

ಈ ಜೂನಿನಲ್ಲಿ ಅವಳ ಮಂಡಿ ಆಪರೇಷನ್ ಆಯಿತು. ಅವಳು ಆಸ್ಪತ್ರೆಯಲ್ಲಿದ್ದಾಗ ಅಪ್ಪ ಟೆರೇಸಿಗೆ ವಾಟರ್‌ಪ್ರೂಫಿಂಗ್ ಮಾಡಿಸಿ ಬಕೆಟ್‌ಗಳನ್ನೆಲ್ಲ ಗುಜರಿಗೆ ಹಾಕಿದರು. ಅಡುಗೆಮನೆ ಒಪ್ಪ ಮಾಡುವಾಗ ಅಮ್ಮ ಬೀಜದ ಡಬ್ಬಿಯನ್ನು ಹಿಟ್ಟಿನ ರಾಗಿಗೆ ಸುರಿದು ಮಿಲ್ಲಿಗೆ ಕಳಿಸಿಬಿಟ್ಟಳು. ಬೇಕೆಂದು ಮಾಡಿದ್ದಲ್ಲ, ಆದರೂ ಅಮ್ಮ ಆಮೇಲೆ ಎರಡು ದಿನ ಊಟ ಮಾಡಲಿಲ್ಲ. ಕೊನೆಗೆ ಉಳಿದದ್ದು ಅಜ್ಜಿ ಹಳೇ ಸೀರೆಯ ಗಂಟಿನಲ್ಲಿ ಕಟ್ಟಿಟ್ಟು ಮರೆತಿದ್ದ ಒಂದು ಚಿಟಿಕೆ. ಎಷ್ಟೋ ವರ್ಷದ್ದು. ಈ ಸಲ ಬಿತ್ತದಿದ್ದರೆ ಮುಂದೆ ಮೊಳೆಯುವುದೇ ಅನುಮಾನವಾಗಿತ್ತು.

"ಯಲ್ಲಾದ್ರೂ ಒಂದು ಮೂಲೆ ಮಣ್ಣು ನೋಡು ವೇದಾ," ಎಂದು ಅಜ್ಜಿ ಅದನ್ನು ನನ್ನ ಕೈಗಿಟ್ಟಳು. "ನಿಮ್ ಕಾಲೇಜಿನಾಗೆ ನೂರಾರು ಎಕರೆ ಐತಂತೆ."

"ಆ ಹೊಲ ನಂದಲ್ಲ ಅಜ್ಜಿ."

"ನಿಂದು ಅಂತ ಯಾರೆಂದ್ರು? ಕೇಳಿ ಬಿತ್ತು."

ನಾನು ಕೇಳಲಿಲ್ಲ.

ಕೇಳಬೇಕಾಗಿದ್ದದ್ದು ಧನಲಕ್ಷ್ಮಿ ಅಕ್ಕನನ್ನು. ದಾಸರಹಳ್ಳಿಯಿಂದ ದಿನಾ ಎರಡು ಬಸ್ ಬದಲಿಸಿ ಬರುವ ಸಂಶೋಧನಾ ವಿದ್ಯಾರ್ಥಿನಿ. ಕಡಿಮೆ ಗೊಬ್ಬರದಲ್ಲಿ ಯಾವ ತಳಿಯ ರಾಗಿ ಎಷ್ಟು ಕೊಡುತ್ತದೆ ಎಂಬುದು ಅವಳ ಪ್ರಯೋಗ. ಕೊನೆಯ ವರ್ಷದ ಬಿ.ಎಸ್ಸಿ.ಯವರಾದ ನಾನೂ ಗೆಳತಿ ಫಾಯಿಜಾಳೂ ಅವಳಿಗೆ ಬಿತ್ತನೆಗೆ ಸಹಾಯಕರು. ಅಕ್ಕ ಒಂದು ಕಾಳು ಹೆಚ್ಚು ಬಿದ್ದರೂ ಬಗ್ಗಿ ಆರಿಸುವವಳು. ಅವಳ ಎದುರು "ನಮ್ಮಜ್ಜಿಯ ಬೀಜಕ್ಕೆ ಜಾಗ ಕೊಡ್ತೀರಾ" ಎಂದು ಬಾಯಿ ಬಿಡಲು ನನಗೆ ಧೈರ್ಯ ಬರಲಿಲ್ಲ. ಬದಲಿಗೆ ಒಂದು ಜಾಣತನ ಹೊಳೆಯಿತು. ಪ್ರತಿ ತಾಕಿನ ಎರಡು ಬದಿಗೂ ಎರಡೆರಡು ಅಂಚಿನ ಸಾಲುಗಳಿರುತ್ತವೆ. ದಾರಿಯ ಗಾಳಿ, ಬಿಸಿಲು, ದನಗಳೆಲ್ಲ ಮೊದಲು ಅವನ್ನೇ ಮುಟ್ಟುವುದರಿಂದ ಅವುಗಳ ಇಳುವರಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಲೆಕ್ಕಕ್ಕಿಲ್ಲದ ಸಾಲಿನಲ್ಲಿ ಅಜ್ಜಿಯ ಒಂದು ಚಿಟಿಕೆ ಬೆಳೆದರೆ ಯಾರಿಗೇನು ನಷ್ಟ?

ಬಿತ್ತುವ ದಿನ ಫಾಯಿಜಾಳಿಗೆ ಅಜ್ಜಿಯ ಕಥೆ ಹೇಳುತ್ತಿದ್ದೆ. ರಾಕ್ಷಸನಿಗೆ ಹೆದರಿ ಒಂದು ರಾಗಿ ಕಾಳಿನೊಳಗೆ ಹೊಕ್ಕು ಚಿಲಕ ಹಾಕಿಕೊಂಡ ಏಳು ಅಕ್ಕತಂಗಿಯರ ಕಥೆ ಅದು. ಆರನೆಯವಳಿಗೆ ಬಾಯಾರಿಕೆಯಾಗುವ ಹೊತ್ತಿಗೆ ಏರ್‌ಫೋರ್ಸಿನ ವಿಮಾನವೊಂದು ತಲೆಯ ಮೇಲೆ ಗುಡುಗಿಕೊಂಡು ಹೋಯಿತು. ಅದು ಹೋಗುವವರೆಗೆ ಕಥೆ ನಿಲ್ಲಿಸಿದೆ. ಅಷ್ಟರಲ್ಲಿ ಫಾಯಿಜಾ ಎರಡನೇ ಸಾಲನ್ನು ಮುಗಿಸಿದ್ದಳು, ನಾನು ನೋಡಲಿಲ್ಲ. ನನ್ನ ಬುದ್ಧಿ ರಾಗಿ ಕಾಳಿನೊಳಗಿತ್ತು. ಎದುರಿಗೆ ಖಾಲಿ ಇದ್ದ ಸಾಲೇ ಎರಡನೆಯದು ಎಂದುಕೊಂಡು ಗಂಟು ಬಿಚ್ಚಿದೆ.

ಈಗ ತೆನೆಗಳೇ ಎಣಿಸಿ ತೋರಿಸುತ್ತಿದ್ದವು. ಅದು ಮೂರನೆಯದು, ಲೆಕ್ಕಕ್ಕಿರುವ ಸಾಲು.

"ಅಯ್ಯೋ ಅಲ್ಲಾ," ಎಂದಳು ಜೊತೆಗೆ ಬಂದಿದ್ದ ಫಾಯಿಜಾ. "ಇದೇನೇ ಇದು, ಡ್ಯಾನ್ಸ್ ಮಾಡ್ತಿದೆ?"

ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. "ನಿಂಗೆ ಕಥೆ ಹೇಳೋಕೆ ಬೇರೆ ಟೈಮೇ ಸಿಗ್ಲಿಲ್ವಾ? ಸೋಮವಾರ ತಜ್ಞರು ಹೊಲ ನೋಡೋಕೆ ಬರ್ತಿದ್ದಾರೆ ಕಣೇ. ಅಕ್ಕನ ತಾಕಲ್ಲಿ ಬೆರಕೆ ಕಂಡ್ರೆ ಪೂರಾ ಸೀಸನ್ ಗೋವಿಂದ!"

ಬೆರಕೆ ಗಿಡ ಕಂಡರೆ ಕೀಳಬೇಕು. ಇದನ್ನು ನಮಗೆ ಮೊದಲ ವರ್ಷವೇ ಕಲಿಸುತ್ತಾರೆ. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಕಾಳು ಕಟ್ಟದ ತೆನೆಯನ್ನು ಕಿತ್ತರೆ ಅದು ಹುಲ್ಲು. ಅಲ್ಲಿಗೆ ಅಜ್ಜಿಯ ರಾಗಿ ಲೋಕದಲ್ಲೇ ಇಲ್ಲ.

ಅಜ್ಜಿಯ ಕಥೆಗಳಲ್ಲಿ ತಪ್ಪು ಮಾಡಿದವರು ಅಲ್ಲೇ ಕಲ್ಲಾಗಿಬಿಡುತ್ತಾರೆ. ಎಷ್ಟು ಸುಖ! ನಾನು ಕಾಲೆಳೆದುಕೊಂಡು ಧನಲಕ್ಷ್ಮಿ ಅಕ್ಕ ಕೂತಿದ್ದ ಶೆಡ್ಡಿಗೆ ಹೋಗಿ ಎಲ್ಲವನ್ನೂ ಹೇಳಿದೆ.

ಅಕ್ಕ ಕೂಗಾಡಲಿಲ್ಲ. ಎದ್ದು ಬಂದು ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ತೆನೆಯನ್ನು ಮುಟ್ಟಿ ನೋಡಿದಳು. ನನಗೆ ಬೈಗುಳವೇ ವಾಸಿ ಅನ್ನಿಸಿತು.

"ಅಂಚಿನ ಸಾಲಲ್ಲೂ ಬಿತ್ತಬಾರದಿತ್ತು, ಗೊತ್ತಲ್ವಾ?"

"ಗೊತ್ತು ಅಕ್ಕ."

"ನನ್ನನ್ನ ಒಂದು ಮಾತು ಕೇಳಿದ್ರೆ ಬೇರೆ ಕಡೆ ಜಾಗ ಕೊಡಿಸ್ತಿದ್ದೆ. ನಾನೇನು ಹುಲಿನಾ?"

ಹೌದು ಎನ್ನುವಂತೆ ಫಾಯಿಜಾ ತಲೆಯಾಡಿಸಿದಳು. ಅಕ್ಕ ಬರುತ್ತಿದ್ದ ನಗುವನ್ನು ತಡೆದುಕೊಂಡಳು. ಆಮೇಲೆ ನನ್ನ ಕಡೆ ನೋಡಲಿಲ್ಲ.

"ಭಾನುವಾರದೊಳಗೆ ಈ ಸಾಲು ಖಾಲಿ ಆಗ್ಬೇಕು ವೇದಾ. ಬೆರಕೆ ಇತ್ತು, ತೆಗೆದೆವು ಅಂತ ಪುಸ್ತಕದಲ್ಲಿ ಬರೀತೀನಿ. ನಿನ್ನ ಹೆಸರು ಬರಿಯಲ್ಲ. ಸಾಲಂತೂ ಉಳಿಯಲ್ಲ."

"ಬುಡಸಮೇತ ಎತ್ಕೊಂಡು ಹೋದ್ರೆ?"

"ತೆನೆ ಹೊರಟ ಮೇಲೆ? ನೀನೇ ಓದಿದ್ದೀಯಲ್ಲ."

ಓದಿದ್ದೆ. ಆ ವಯಸ್ಸಿನಲ್ಲಿ ಬೇರು ಹರಿದ ರಾಗಿ ಬದುಕುವುದಿಲ್ಲ. ಪುಸ್ತಕದಲ್ಲಿ ಆ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಕೂಡ ಎಳೆದಿದ್ದೆ.

ಹೊಲದ ಕೆಲಸದ ನರಸಯ್ಯ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡು ಹತ್ತಿರ ಬಂದರು. ಮೂವತ್ತು ವರ್ಷದಿಂದ ಈ ಮಣ್ಣಿನಲ್ಲಿರುವವರು. ಸಾಲನ್ನು ಒಮ್ಮೆ ನೋಡಿದರು. "ನಮ್ಮಮ್ಮನೂ ಇಂತದ್ದೇ ಬೆಳೀತಿದ್ಲು. ಆಮ್ಯಾಕೆ ಯಲ್ಲೂ ಕಾಣ್ಲಿಲ್ಲ." ಬಗ್ಗಿ ಬುಡದ ಮಣ್ಣನ್ನು ಹಿಸುಕಿ ನೋಡಿ ಹೇಳಿದರು: "ಇವತ್ತು ನೀರು ಬಿಡಿ. ನಾಳೆ ಬೆಳಿಗ್ಗೆ ಗುದ್ದಲಿ ಆಳಕ್ಕೆ ಆಕಿ ಮಣ್ಣಿನ ಎಂಟೆ ಸಮೇತ ಎತ್ತಣ. ಎಲ್ಲ ಬದುಕಲ್ಲ ಕಣವ್ವ. ಅಂಗಂತ ಸುಮ್ಕೆ ಕಿತ್ತು ಬಿಸಾಕಕ್ಕಾಯ್ತದಾ?"

ಶನಿವಾರ ಬೆಳಿಗ್ಗೆ ಮೂವತ್ತನಾಲ್ಕು ಗಿಡಗಳನ್ನು ಎತ್ತಿದೆವು. ಒದ್ದೆ ಗೋಣಿಯಲ್ಲಿ ಒಂದೊಂದನ್ನೇ ಮಗುವಿಗೆ ಟವೆಲ್ ಸುತ್ತುವಂತೆ ಸುತ್ತಿದೆವು. ಆರ್.ಟಿ. ನಗರದಿಂದ ಫಾಯಿಜಾಳ ಚಿಕ್ಕಪ್ಪ ಜಿಯಾವುಲ್ಲಾ ಲಗೇಜ್ ಆಟೋ ತಂದಿದ್ದರು. ಸೋಫಾ, ಫ್ರಿಜ್ಜು ಸಾಗಿಸುವ ಮನುಷ್ಯ.

"ಇದಕ್ಕಾ ನನ್ನ ಕರೆದಿದ್ದು? ಹುಲ್ಲಿಗಾ?"

"ಹುಲ್ಲಲ್ಲ ಚಾಚಾ, ಪೇಷಂಟು. ಹಂಪ್ ಬಂದ್ರೆ ಮೆಲ್ಲಗೆ."

ಅವರು ಯಲಹಂಕದುದ್ದಕ್ಕೂ ಆಂಬುಲೆನ್ಸ್ ಓಡಿಸುವಂತೆ ಹಾರ್ನ್ ಮಾಡಿದರು. ಆದರೆ ಹಂಪು ಬಂದಲ್ಲೆಲ್ಲ ಆಟೋ ನಿಂತೇಬಿಡುತ್ತಿತ್ತು. ನಾನು ಹಿಂದೆ ಗಿಡಗಳ ನಡುವೆ ಕೂತು ಅಜ್ಜಿಗೆ ಏನು ಹೇಳಲಿ ಎಂದು ಹತ್ತು ಬಗೆಯಲ್ಲಿ ಹೊಂದಿಸಿಕೊಂಡೆ. ಹತ್ತರಲ್ಲೂ ನಾನು ಅಷ್ಟೇನೂ ಕೆಟ್ಟವಳಾಗಿರಲಿಲ್ಲ.

ಅಜ್ಜಿ ವಾಕರ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹನ್ನೊಂದನೆಯದು ತಾನಾಗಿ ಬಂತು. "ನಾನು ಕೇಳ್ದೇ ಬಿತ್ತಿದೆ ಅಜ್ಜಿ."

ಅವಳು ಗಿಡಗಳನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಯಾರ ಒಲ?"

"ಧನಲಕ್ಷ್ಮಿ ಅಂತ. ಅವರ ಓದು ಅದರ ಮೇಲೆ ನಿಂತಿದೆ."

"ಆ ಎಣ್ಣುಮಗೀಗೆ ಏನಾಯ್ತು?"

"ಒಂದು ಸಾಲು ಹೋಯ್ತು. ಉಳಿದದ್ದು ನಡೆಯುತ್ತೆ ಅಂದ್ರು."

"ನನ್ ಬೀಜ ಓದ್ರೆ ಓಯ್ತಿತ್ತು," ಎಂದಳು ಅಜ್ಜಿ. "ಇನ್ನೊಬ್ರ ಬೆಳೆ ಕೆಡಿಸಿ ಉಳಿಸ್ಕೊಂಡ್ರೆ ಅದ್ನ ತಿಂದೋರಿಗೆ ಅರಗ್ತದಾ?" ಯಾವತ್ತೂ ಜೋರಾಗಿ ಮಾತಾಡದವಳ ದನಿ ಜೋರಾಗಿತ್ತು. ನಾನು ಅತ್ತೆ. ಅಳುತ್ತಿರುವಾಗಲೇ ಅವಳು ವಾಕರ್ ತಳ್ಳಿಕೊಂಡು ಮೆಟ್ಟಿಲ ಕಡೆ ಬಂದಳು. "ಸಾಕು, ಆಮೇಲೆ ಅಳೀವಂತೆ. ಬೇರು ಒಣಗ್ತಾವೆ. ಕತ್ತರಿ ತಾ."

ಕಾಂಪೌಂಡಿನ ಒಳಗೆ ಬಾಡಿಗೆಯವರು ಬೈಕ್ ನಿಲ್ಲಿಸುವ ಕಡೆ ಮೂರಡಿ ಅಗಲದ ಮಣ್ಣು ಇನ್ನೂ ಸಿಮೆಂಟು ಕಾಣದೆ ಉಳಿದಿತ್ತು. ಅಜ್ಜಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನಾನೂ ಫಾಯಿಜಾಳೂ ನೆಡುತ್ತ ಹೋದಂತೆ ಪ್ರತಿ ಗಿಡದಲ್ಲೂ ಒಂದೇ ಒಂದು ತೆನೆ ಬಿಟ್ಟು ಉಳಿದದ್ದನ್ನೆಲ್ಲ ಕಚಕ್ಕನೆ ಕತ್ತರಿಸಿದಳು. ಅರ್ಧ ಎಲೆಯನ್ನೂ ತೆಗೆದಳು. ನನಗೆ ನೋಡಲಾಗಲಿಲ್ಲ.

"ಅಜ್ಜಿ, ಇರೋದೇ ಇಷ್ಟು!"

"ಎಲ್ಲಾನೂ ಸಾಕ್ತೀನಿ ಅಂದ್ರೆ ಒಂದೂ ಉಳಿಯಕಿಲ್ಲ. ಬೇರು ಈಗ ಒಬ್ಬರನ್ನ ಸಾಕ್ತದೆ, ಅಷ್ಟೇ."

ಬಿಸಿಲಿಗೆ ಅವಳದೇ ಎರಡು ಹಳೇ ಸೀರೆ ಕಟ್ಟಿದೆವು. ಸೋಮವಾರ ತಜ್ಞರು ಬಂದು ಹೋದರು. ಏಳನೇ ತಾಕಿನ ಖಾಲಿ ಸಾಲು ತೋರಿಸಿ ಧನಲಕ್ಷ್ಮಿ ಅಕ್ಕ ನಡೆದದ್ದನ್ನು ಹೇಳಿದಳಂತೆ, ಅವರು ಬರೆದುಕೊಂಡರಂತೆ. ಹಾಸ್ಟೆಲಿನಲ್ಲಿದ್ದ ನಾನು ದಿನಾ ಸಂಜೆ ಮನೆಗೆ ಬಂದು ನೀರು ಹಾಕಿದೆ. ಮೊದಲ ವಾರ ಹತ್ತೊಂಬತ್ತು ಗಿಡ ಬಾಡಿ ಮಲಗಿದವು. ಎರಡನೇ ವಾರ ಎರಡನೇ ಮಹಡಿಯವರು ಬೈಕ್ ತೆಗೆಯುವಾಗ ಮೂರು ಮುರಿದವು. ಅವರು ಪಾಪ ಕ್ಷಮೆ ಕೇಳಿ, ಮರುದಿನದಿಂದ ಬೈಕನ್ನು ರಸ್ತೆಯಲ್ಲೇ ನಿಲ್ಲಿಸಿದರು. ಉಳಿದವೂ ಒಂದೊಂದಾಗಿ ಒಣಗುತ್ತ, ದಸರಾ ಕಳೆದು ದೀಪಾವಳಿ ದಾಟುವ ಹೊತ್ತಿಗೆ ನಿಂತಿದ್ದದ್ದು ಐದು. ಅವುಗಳ ತೆನೆಯೂ ಅರ್ಧ ಜೊಳ್ಳು.

ತೆನೆ ಕೊಯ್ದ ದಿನ ಧನಲಕ್ಷ್ಮಿ ಅಕ್ಕ ತಾನೇ ಬಂದಳು. ಅಜ್ಜಿ ತೆನೆಗಳನ್ನು ಅಂಗೈಯಲ್ಲಿ ಉಜ್ಜಿ, ಊದಿ, ಸ್ಟೀಲ್ ತಟ್ಟೆಗೆ ಉದುರಿಸಿದಳು. ಎರಡು ಚಮಚದಷ್ಟಾಯಿತು. ಬೆರಳಿನಿಂದ ನಡುವೆ ಗೆರೆ ಎಳೆದು ಎರಡು ಪಾಲು ಮಾಡಿದಳು.

"ಒಂದು ನೀನು ಮಡೀಕೊ," ಎಂದು ಅಕ್ಕನ ಕಡೆ ತಳ್ಳಿದಳು. "ನಾನೊಬ್ಬಳೇ ಬಚ್ಚಿಟ್ಕೊಂಡು ಕೂತಿದ್ನಲ್ಲ, ಅದ್ಕೇ ಇಂಗಾಯ್ತು. ಅವಾಗ್ಲೇ ನಾಕು ಮನೀಗೆ ಕೊಟ್ಟಿದ್ರೆ ಈ ಮಗಿ ಯಾಕೆ ಕದ್ದು ಬಿತ್ತಬೇಕಾಗಿತ್ತು?"

ಅಕ್ಕ ಬ್ಯಾಗಿನಿಂದ ಬೀಜ ಸಂಗ್ರಹದ ಕಾಗದದ ಪೊಟ್ಟಣ ತೆಗೆದಳು. ಅದರ ಮೇಲೆ ಹೆಸರು, ತಾರೀಖು ಬರೆದು, 'ಸಂಗ್ರಹಿಸಿದ ಸ್ಥಳ' ಎಂಬಲ್ಲಿ ಪೆನ್ನು ನಿಲ್ಲಿಸಿದಳು.

"ಕೋಗಿಲಿನ ನಿಮ್ಮ ಹೊಲ ಅಂತ ಹಾಕ್ಲಾ ಅಜ್ಜಿ?"

"ಅದ್ಯಾಕೆ? ಒಲ ಈಗ ಯಲ್ಲೈತೆ?" ಅಜ್ಜಿ ಕಾಂಪೌಂಡಿನ ಕಡೆ ತೋರಿಸಿದಳು. "ಬರ್ಕೊ. ಕೋಗಿಲು, ಬೈಕ್ ನಿಲ್ಸೋ ಜಾಗ."

ಒಂದು ಕಾಳು ಹೆಚ್ಚು ಬಿದ್ದರೂ ಬಗ್ಗಿ ಆರಿಸುವ ಧನಲಕ್ಷ್ಮಿ ಅಕ್ಕ ಅದನ್ನು ಹಾಗೆಯೇ ಬರೆದುಕೊಂಡಳು.