ಕಚ್ಚಾ ಹೊಲಿಗೆ ಅಂದುಕೊಂಡಿದ್ದು

ಟೈಲರಮ್ಮ ಹಾಕಿದ ಹೊಲಿಗೆಯನ್ನು ಎರಡು ಆನೆ ಕಟ್ಟಿ ಎಳೆದರೂ ಒಂದೆಳೆ ಬಿಡುವುದಿಲ್ಲ. ಇದರಲ್ಲಿ ಅರ್ಧ ಸುಳ್ಳು, ಒಪ್ಪಿಕೊಳ್ಳೋಣ: ಆನೆ ಒಂದೇ. ಅಂಥವಳಿಗೆ ತನ್ನ ಹೊಟ್ಟೆಯ ಮೇಲೆ ಡಾಕ್ಟರು ಹಾಕಿದ ಹೊಲಿಗೆ ಹಿಡಿಸೀತೇ?

ಹರ್ನಿಯಾ ಆಪರೇಷನ್ ಆಗಿತ್ತು. ಅದಕ್ಕೂ ಹಿಂದೆಯೇ ತಂಗಿಯ ಒಂದು ಕಿಡ್ನಿ ಅವಳ ಹೊಟ್ಟೆ ಸೇರಿತ್ತು. ಹೊರಗಿನದೆಂದು ಮೈ ಅದನ್ನು ದಬ್ಬದಿರಲಿ ಎಂದು ಕೊಡುವ ಮಾತ್ರೆಗಳು ಮೈಯೊಳಗಿನ ಕಾವಲುಗಾರರನ್ನೆಲ್ಲ ತೂಕಡಿಸುವಂತೆ ಮಾಡಿದ್ದವು.

"ನಿಮ್ ಗಾಯ ಆಮೆ ನಡಿಗೇಲಿ ಕೂಡೋದು. ಹೊಲಿಗೆ ಬೇರೆಯವ್ರಿಗಿಂತ ಜಾಸ್ತಿ ದಿನ ಇರ್ಬೇಕು, ಮುಟ್ಟೀರ ಮತ್ತೆ!" ಎಂದು ನರ್ಸಮ್ಮ ಸಾರಿ ಸಾರಿ ಹೇಳಿದ್ದಳು.

ಟೈಲರಮ್ಮನ ಕೈ ಸುಮ್ಮನಿರಬೇಕಲ್ಲ! ಬಟ್ಟೆಯ ಅಂಚು ಕೂತ ಮೇಲೆ ಕಚ್ಚಾ ಹೊಲಿಗೆ ಬಿಚ್ಚುವುದು ಅವಳ ಅಂಗಡಿಯ ಪದ್ಧತಿ. ಕನ್ನಡಿಯಲ್ಲಿ ನೋಡಿದರೆ ಗಾಯವೂ ಕೂತಂತಿತ್ತು, ಕೆಂಪಿಲ್ಲ, ಜ್ವರವಿಲ್ಲ. ದಾರದ ಕತ್ತರಿ ತಂದು ತುದಿಯ ಹೊಲಿಗೆಯೊಂದನ್ನು ಕಚಕ್ಕನೆ ಕತ್ತರಿಸಿದಳು. ಗಾಯ ಹಲ್ಲು ಕಿರಿಯಿತು.

ನೋಡಲು ಬಂದ ತಂಗಿ ಹೌಹಾರಿದಳು. "ಏನ್ ಮಾಡ್ಕೊಂಡೆ ಅಕ್ಕ?"

"ಒಂದೇ ಒಂದು ಕಣೇ. ಕಚ್ಚಾ ಹೊಲಿಗೆ ಅಂದ್ಕೊಂಡೆ."

"ನಿನ್ ಹೊಟ್ಟೆ ಏನು ಗಿರಾಕಿ ಅಂಗಿನಾ? ಕೀವಾದ್ರೆ ಮಾತ್ರೆ ಕಮ್ಮಿ ಮಾಡ್ಬೇಕಾಗುತ್ತೆ. ಆಗ ಕಿಡ್ನಿನೇ ಹೋಗ್ಬಹುದು. ನಂದು ಕಣೇ ಅದು!"

"ಕೊಟ್ಮೇಲೆ ನಂದಲ್ವಾ?"

"ಇಟ್ಕೊಳ್ಳೋಕೆ ಬರ್ದಿದ್ರೆ ವಾಪಸ್ ಕೊಡು! ಏಳು, ಆಸ್ಪತ್ರೆಗೆ ನಡಿ."

ಡಾಕ್ಟರು ಗಾಯ ತೊಳೆದು ನೋಡಿದರು. "ಪುಣ್ಯಕ್ಕೆ ಮೇಲಿನ ಚರ್ಮ ಮಾತ್ರ ಬಿಟ್ಟಿದೆ. ಇನ್ನು ಒಳಗಿಂದ ತಾನಾಗೇ ತುಂಬ್ಕೊಂಡು ಬರ್ಬೇಕು. ದಿನಾ ಡ್ರೆಸ್ಸಿಂಗ್. ಮಾತ್ರೆ ಒಂದೂ ತಪ್ಪಿಸ್ಬೇಡಿ."

ತಂಗಿ ಬಟ್ಟೆಬರೆ ತಂದು ಅಕ್ಕನ ಮನೆಯಲ್ಲೇ ಠಿಕಾಣಿ ಹೂಡಿದಳು. ಸೀನುವ ಗಿರಾಕಿಗಳಿಗೆ ಕಿಟಕಿಯಾಚೆಯೇ ಮಾತು. ನೊಣ ಕೂಡ ಸೋಪಿನಲ್ಲಿ ಕಾಲು ತೊಳೆದೇ ಒಳಬರಬೇಕು. ಡ್ರೆಸ್ಸಿಂಗ್ ಮಾಡಿ, ತಲೆ ಬಾಚಿ, ಬಿಸಿಬಿಸಿ ಊಟ ಬಡಿಸಿ, ಬಿಡುವಿದ್ದಾಗ ಮಿಷನ್ ತುಳಿದು ಯಾರದೋ ತೋಳನ್ನು ಯಾರದೋ ಕಾಲರಿಗೆ ಹೊಲಿದಳು. ಅಕ್ಕ ನಕ್ಕರೆ, "ನಗ್ಬೇಡ, ಗಾಯ ಬಿಡುತ್ತೆ!" ಎಂದು ಗದರುತ್ತಿದ್ದಳು. ಗದರಿದಷ್ಟೂ ಅಕ್ಕನಿಗೆ ನಗು.

ಕೊನೆಗೊಂದು ದಿನ ಡಾಕ್ಟರು ಉಳಿದ ಹೊಲಿಗೆ ತೆಗೆದು, ಎಳೆಗೆಂಪು ಚರ್ಮವನ್ನು ಒತ್ತಿ ನೋಡಿ, "ಚೆನ್ನಾಗಿ ಕೂಡಿದೆ. ಕಿಡ್ನಿನೂ ಕ್ಷೇಮ," ಎಂದರು. ತಂಗಿ ಬಿಟ್ಟ ಉಸಿರಿಗೆ ಪರದೆ ಹಾರಿತು.

"ಹಾಗಾದ್ರೆ ನಾನು ನಾಳೆ ನಮ್ಮನೆಗೆ ಹೊರಡ್ತೀನಿ," ಎಂದಳು.

"ಅಯ್ಯೋ ಡಾಕ್ಟ್ರೇ!" ಟೈಲರಮ್ಮ ಹೊಟ್ಟೆ ಹಿಡಿದುಕೊಂಡಳು. "ಇಲ್ಲೆಲ್ಲೋ ಚುರುಕ್ ಅಂತು!"

ಗಾಯವಿದ್ದದ್ದು ಎಡಕ್ಕೆ, ಕೈ ಹಿಡಿದದ್ದು ಬಲಕ್ಕೆ. ಡಾಕ್ಟರು ತಂಗಿಯ ಮುಖ ನೋಡಿದರು. ಇನ್ನು ತಂಗಿ ಮಾರನೆಯ ದಿನ ಹೊರಟಳೋ ಇಲ್ಲವೋ, ನೀವೇ ಹೇಳಿ ನೋಡೋಣ.