ಕಾಸರಕೋಡಿನಲ್ಲಿ ಮೂರು ತಪ್ಪು ಹೆಸರು

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ನೀವು ಮೊದಲಿನಿಂದ ಅನ್ನುತ್ತೀರಿ. ಮೊದಲು ಯಾವುದು ಎಂದು ಗೊತ್ತಿದ್ದರೆ ನಿಮ್ಮನ್ನು ಯಾಕೆ ಕೇಳುತ್ತಿದ್ದೆ? ಈ ಕಥೆಯನ್ನು ನಾಲ್ಕು ಸಲ ಬರೆದು ನಾಲ್ಕು ಸಲವೂ ಹರಿದಿದ್ದೇನೆ. ಮೊದಲನೆಯ ಕರಡು ಸಮುದ್ರದಿಂದ ಶುರುವಾಗಿತ್ತು. (ಕರಾವಳಿಯವನು ಬರೆದ ಮೇಲೆ ಮೊದಲ ಪುಟದಲ್ಲೇ ತೆರೆ ಬಂದು ಬಡಿಯಬೇಕು ಎಂದು ಒಬ್ಬ ಸಂಪಾದಕರು ನನಗೆ ಬುದ್ಧಿ ಹೇಳಿದ್ದರು.) ಎರಡನೆಯದು ಹುರಿದ ಗೇರುಬೀಜದ ವಾಸನೆಯಿಂದ. ಮೂರನೆಯದರಲ್ಲಿ ‘ಅವಳು’ ಎಂಬ ಪದ ಮೊದಲ ಸಾಲಿನಲ್ಲೇ ಬಂದು ಕೂತುಬಿಟ್ಟಿತು, ನಾಚಿಕೆಯಾಗಿ ಹರಿದೆ. ನಾಲ್ಕನೆಯದನ್ನು ಯಾಕೆ ಹರಿದೆ ಎನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ, ಅಲ್ಲಿಯವರೆಗೆ ನೀವು ಇದ್ದರೆ.

ಇಷ್ಟು ಮಾತ್ರ ಮೊದಲೇ ತಿಳಿದಿರಲಿ. ಎಂಟು ವರ್ಷದ ಹಿಂದೆ ಒಂದು ಆಟದಲ್ಲಿ ನಾನು ಒಂದು ಹೆಸರು ಹೇಳಬೇಕಿತ್ತು. ಗೊತ್ತಿದ್ದೂ ಹೇಳಲಿಲ್ಲ. ಕಥೆ ಇಷ್ಟೇ. ಅವಸರವಿರುವವರು ಇಲ್ಲಿಂದಲೇ ಏಳಬಹುದು.

೧

೨೦೦೧ನೇ ಇಸವಿ, ಫೆಬ್ರವರಿಯ ಒಂದು ಭಾನುವಾರ. ಕುಮಟಾಕ್ಕೂ ಹೊನ್ನಾವರಕ್ಕೂ ನಡುವೆ ಹೆದ್ದಾರಿಯ ಪಕ್ಕದಲ್ಲಿದ್ದ ಒಂದು ಗೇರುಬೀಜದ ಕಾರ್ಖಾನೆಯಿಂದ ಅರವತ್ತೆರಡು ಹೆಂಗಸರು, ಒಂಬತ್ತು ಗಂಡಸರು ಬಾಡಿಗೆ ಟೆಂಪೊಗಳಲ್ಲಿ ಕಾಸರಕೋಡಿನ ಕಡಲದಂಡೆಯ ಗಾಳಿಮರದ ತೋಪಿಗೆ ಹೊರಟರು. (ಕಾರ್ಖಾನೆಯ ಹೆಸರು ಬೇಡ. ಈಗ ಅದೂ ಇಲ್ಲ. ಆ ಜಾಗದಲ್ಲಿ ಟೈಲ್ಸ್ ಅಂಗಡಿಯಿದೆ.) ಒಂಬತ್ತು ಗಂಡಸರಲ್ಲಿ ನಾನೊಬ್ಬ. ನನ್ನ ಹೆಸರು ನಾಗಭೂಷಣ, ಕಾರ್ಖಾನೆಯ ಸ್ಟೋರಿನವನು. ಈಗ ಕುಮಟಾದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಥೆ ಬರೆಯುತ್ತೇನೆ. ಗಿರಾಕಿ ಬಂದರೆ ಕಥೆ ನಿಲ್ಲುತ್ತದೆ, ಇಲ್ಲಿ ಕಾಣುವ ತುಂಡುತುಂಡಿಗೆ ಕಾರಣ ಅದೇ. ಯಾರಾದರೂ ವಿಮರ್ಶಕರು ಬೇರೆ ಕಾರಣ ಹೇಳಿದರೆ ನಂಬಬೇಡಿ.

ಹೋಗಿದ್ದು ಟೀಮ್ ಬಿಲ್ಡಿಂಗಿಗೆ. ಹಾಗೆಂದರೆ ಏನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಧಣಿಗಳ ತಂಗಿಯ ಮಗ ನರೇಶ ಮಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಓದಿ ಆಗಷ್ಟೇ ಬಂದಿದ್ದ. ಕುತ್ತಿಗೆಗೆ ಸೀಟಿ, ಕೈಯಲ್ಲಿ ಇಂಗ್ಲಿಷ್ ಹಾಳೆಗಳು. ಜೊತೆಯಲ್ಲಿ ಕೆಲಸ ಮಾಡುವವರ ನಡುವೆ ವಿಶ್ವಾಸ ಬೆಳೆಸುವ ಹನ್ನೆರಡು ಆಟಗಳು ಅದರಲ್ಲಿದ್ದವು. ಬೀಜ ಒಡೆಯುವವರಲ್ಲಿ ಎಲ್ಲರಿಗಿಂತ ಹಿರಿಯಳು ಸಣ್ಣಿ. ಹದಿನಾರು ವರ್ಷದಿಂದ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದೇವೆ, ಇನ್ನು ಯಾರಿಗೆ ಯಾರ ಗುರುತು ಮಾಡಿಸುತ್ತೀಯೋ ಎಂದು ಅವಳು ಟೆಂಪೊ ಇಳಿಯುವ ಮೊದಲೇ ಕೇಳಿದಳು. ನರೇಶ ಅದನ್ನು ಹಾಳೆಯ ಮೂಲೆಯಲ್ಲಿ ಬರೆದುಕೊಂಡ. ಫೀಡ್‌ಬ್ಯಾಕ್ ಅಂತೆ.

೨

ಆಟಕ್ಕೆ ಹೋಗುವ ಮೊದಲು ನಿಮಗೊಂದು ಕಿಂಡಿ ತೋರಿಸಬೇಕು.

ಗೇರುಬೀಜದ ಸಿಪ್ಪೆಯಲ್ಲಿ ಒಂದು ಎಣ್ಣೆಯಿರುತ್ತದೆ. ಚರ್ಮಕ್ಕೆ ತಾಗಿದರೆ ಸುಟ್ಟು ಕಪ್ಪಾಗುತ್ತದೆ. ಅದಕ್ಕೆ ಒಡೆಯುವವರು ಬೆಳಿಗ್ಗೆ ಕೈಗೆ ಹರಳೆಣ್ಣೆ ಸವರಿ, ಬೂದಿ ಮೆತ್ತಿಕೊಂಡು ಕೂರುತ್ತಾರೆ. ಎಣ್ಣೆ ಕೊಡುವುದು ಸ್ಟೋರಿನವನ ಕೆಲಸ. ಸ್ಟೋರಿಗೂ ಒಡೆಯುವ ಶೆಡ್ಡಿಗೂ ನಡುವಿನ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಕಿಂಡಿಯಿತ್ತು, ಕೆಳಗೊಂದು ಹಲಗೆ. ಎಂಟು ಗಂಟೆಗೆ ಅದರೊಳಗಿಂದ ಒಂದೊಂದೇ ಕೈ ಬರುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ನಾನು ಸೊಂಡಿಲಿನಂಥ ಮೂತಿಯ ಡಬ್ಬಿಯಿಂದ ಅಂಗೈಗೆ ಎಣ್ಣೆ ಬಿಡುತ್ತಿದ್ದೆ. ‘ಆತು ನಾಗಣ್ಣ’ ಎಂದ ಕೂಡಲೇ ನಿಲ್ಲಿಸುತ್ತಿದ್ದೆ. ಮುಂದಿನ ಕೈ.

ಹೀಗೆ ಆರು ವರ್ಷ. ಗಂಗಾಳ ಕಿರುಬೆರಳು ಸೊಟ್ಟ. ಸುಪ್ರಿಯಾ ವಾರ ನಿಲ್ಲದ ನೇಲ್ ಪಾಲಿಶ್ಶನ್ನು ಪ್ರತಿ ಸೋಮವಾರ ಹೊಸದಾಗಿ ಹಚ್ಚಿಕೊಂಡು ಬರುತ್ತಿದ್ದಳು. ಸಣ್ಣಿಯ ಕೈ ತುಂಬ ಹಿತ್ತಾಳೆ ಬಳೆ. ಹೆಂಗಸರು ನನ್ನನ್ನು ಎಣ್ಣೆ ನಾಗಣ್ಣ ಎಂದು ಕಿಚಾಯಿಸುತ್ತಿದ್ದರು. ದಾರಿಯಲ್ಲಿ ಎದುರು ಸಿಕ್ಕರೆ ಮುಖಕ್ಕಿಂತ ಮೊದಲು ಕೈ ನೋಡಿ ಗುರುತು ಹಿಡಿಯುವ ಚಾಳಿ ನನಗೆ ಬಿದ್ದುಹೋಗಿತ್ತು.

ಒಂದು ಕೈ ಮಾತ್ರ ‘ಆತು ನಾಗಣ್ಣ’ ಎನ್ನುತ್ತಿರಲಿಲ್ಲ. ಬೆರಳು ಬಾಗಿಸಿ, ಅಂಗೈಯನ್ನು ಬಟ್ಟಲು ಮಾಡಿಕೊಂಡು ಬರುತ್ತಿತ್ತು, ಒಂದು ಹನಿ ಹಲಗೆಗೆ ಬೀಳುತ್ತಿರಲಿಲ್ಲ. ಸಾಕಾದಾಗ ಇನ್ನೊಂದು ಕೈಯ ಗೆಣ್ಣಿನಿಂದ ಹಲಗೆಗೆ ಎರಡು ಸಲ ತಟ್ಟುತ್ತಿತ್ತು. ಟಕ್, ಟಕ್. ಅಷ್ಟೇ.

ಅವಳನ್ನು ನರ್ಮದಾ ಎಂದು ಕರೆಯೋಣ. ಅವಳು ಕಾರ್ಖಾನೆಗೆ ಬಂದು ನಾಲ್ಕು ವರ್ಷವಾಗಿತ್ತು. ಅರವತ್ತೆರಡು ಜನರಲ್ಲಿ ನನ್ನನ್ನು ಅಣ್ಣ ಎನ್ನದವಳು ಅವಳೊಬ್ಬಳೇ. ಬೇರೆ ಏನೂ ಅನ್ನುತ್ತಿರಲಿಲ್ಲ, ಆದರೆ ಅಣ್ಣ ಅನ್ನುತ್ತಿರಲಿಲ್ಲ. ನಾಲ್ಕು ವರ್ಷ ನಾನು ಅದೊಂದನ್ನೇ ಹಿಡಿದುಕೊಂಡು ಬದುಕಿದೆ. ನನಗೆ ಅವಳ ಮೇಲೆ ಮನಸ್ಸಿತ್ತು. ಇದನ್ನು ಸಾಂಕೇತಿಕವಾಗಿ ಹೇಳುವ ವಿಧಾನಗಳು ನನಗೂ ಗೊತ್ತು. ಹೇಳುವುದಿಲ್ಲ. ಮನಸ್ಸಿತ್ತು.

ಆ ಕೈಯನ್ನು ನಾಲ್ಕು ವರ್ಷ ದಿನವೂ ನೋಡಿದ್ದೆ. ಒಂದು ದಿನವೂ ಮುಟ್ಟಿರಲಿಲ್ಲ.

೩

(ನರ್ಮದಾ ಇಲ್ಲಿ ಬಾಯಿ ಹಾಕುತ್ತಾಳೆ. ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ.

“ಬರೇ ಕೈ ಬರದ್ರೆ ಆತಾ? ನಂಗೆ ಮುಖ ಇಲ್ಲಾಗಿತ್ತಾ?”

ಇತ್ತು. ಹತ್ತೂವರೆಯ ಚಾಕ್ಕೆ ಶೆಡ್ಡಿನ ಹೊರಗೆ ಕೂರುವಾಗ ನೋಡುತ್ತಿದ್ದೆ. ಬಿಸಿ ಚಾವನ್ನು ಊದಿ ಊದಿ ಕುಡಿಯುತ್ತಿದ್ದಳು, ಕೆನೆ ಬಂದರೆ ಮುಖ ಕಿವಿಚುತ್ತಿದ್ದಳು. ಅದನ್ನು ಬರೆದರೆ ಕಥೆ ಅಲ್ಲೇ ಕೂತುಬಿಡುತ್ತದೆ ಎಂದು ಬಿಟ್ಟಿದ್ದೆ. ಈಗ ಬರೆದಾಯಿತಲ್ಲ, ಸುಮ್ಮನಿರು.)

ಶರಾವತಿ ಸೇತುವೆ ದಾಟುವಾಗ ಟೆಂಪೊದಲ್ಲಿ ಗಂಗಾ ಎಲ್ಲರಿಗೂ ಕೇಳುವಂತೆ ಸುದ್ದಿ ಹೇಳಿದಳು. ಭಟ್ಕಳದ ಹತ್ತಿರ ಜಾಲಿಯಿಂದ ನರ್ಮದಾಳನ್ನು ನೋಡಲು ಬಂದಿದ್ದರಂತೆ. ಗಂಡಿನ ಕಡೆಯವರು ಒಪ್ಪಿದ್ದಾರಂತೆ, ಇವಳು ಸೋಮವಾರದೊಳಗೆ ಹೌದೋ ಅಲ್ಲವೋ ಹೇಳಬೇಕಂತೆ. ಸೋಮವಾರ ಅಂದರೆ ಮರುದಿನ. ನರ್ಮದಾ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ನಾನು ನರೇಶನ ಲಿಂಬೆಹಣ್ಣಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

ಆಟಗಳು ನಿಜಕ್ಕೂ ಚೆನ್ನಾಗಿದ್ದವು. ಇದನ್ನು ಹೇಳದಿದ್ದರೆ ನರೇಶನಿಗೆ ಅನ್ಯಾಯವಾಗುತ್ತದೆ. ಲಿಂಬೆ-ಚಮಚದಲ್ಲಿ ಮ್ಯಾನೇಜರ್ ಹರಿಹರ ಶೆಟ್ಟರು ಮರಳಿನಲ್ಲಿ ಬಿದ್ದರೂ ಲಿಂಬೆ ಬೀಳಿಸಲಿಲ್ಲ. ಹಗ್ಗ ಎಳೆಯುವುದರಲ್ಲಿ ಆಫೀಸಿನ ಒಂಬತ್ತು ಗಂಡಸರನ್ನು ಒಡೆಯುವ ಸಾಲಿನ ಒಂಬತ್ತು ಹೆಂಗಸರು ಒಂದೇ ಎಳೆತಕ್ಕೆ ಗೆರೆ ದಾಟಿಸಿದರು. ಸಣ್ಣಿ ಹಾಡು ಎತ್ತಿದಳು, ಉಳಿದವರು ಅದರ ತಾಳಕ್ಕೆ ಎಳೆದರು, ನಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ಎಳೆಯುತ್ತಿದ್ದೆವು. ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಹಿಂದೆ ನಿಂತವರು ಹಿಡಿಯಬೇಕು ಎನ್ನುವುದು ಇನ್ನೊಂದು ಆಟ. ಸಣ್ಣಿ ಒಪ್ಪಲಿಲ್ಲ.

“ನಂಗೆ ಬೀಳುಕೆ ಬರೂದಿಲ್ಲ ತಮಾ, ಹಿಡಿಯುಕೆ ಬತ್ತದೆ.”

ಆ ದಿನ ಬಿದ್ದ ಇಪ್ಪತ್ತು ಜನರನ್ನೂ ಹಿಡಿದದ್ದು ಅವಳೇ.

೪

(ಇದರಲ್ಲಿ ಊಟದ ವರ್ಣನೆಯಿತ್ತು. ತೆಗೆದಿದ್ದೇನೆ. ಬಂಗಡೆ ಸಾರು ಚೆನ್ನಾಗಿತ್ತು ಎಂದಷ್ಟೇ ತಿಳಿದುಕೊಳ್ಳಿ. ನನಗೆ ಸೇರಲಿಲ್ಲ.)

೫

ಹನ್ನೊಂದನೆಯ ಆಟ. ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಬೇಕು. ಉಳಿದವರು ಒಬ್ಬೊಬ್ಬರಾಗಿ ಬಂದು ಕೈ ಕೊಡಬೇಕು, ಮಾತಾಡಬಾರದು. ಕೈ ಹಿಡಿದು ಹೆಸರು ಹೇಳಬೇಕು. ಮೂರು ಅವಕಾಶ. ಹೆಸರು ಸರಿಯಾದರೆ ಕೈ ಬಿಡಬೇಕು. ತಪ್ಪಾದರೆ ಹಿಡಿದುಕೊಂಡೇ ಇನ್ನೊಂದು ಹೆಸರು ಹೇಳಬೇಕು. ಮೂರೂ ತಪ್ಪಿದರೆ ನರೇಶ ಸೀಟಿ ಊದುತ್ತಾನೆ, ಆಟ ಮುಗಿಯಿತು.

ನರೇಶ ಬಾಯಿ ಬಿಡುವ ಮೊದಲೇ ಹೆಂಗಸರು ನನ್ನನ್ನು ಮುಂದೆ ತಳ್ಳಿದರು. ಎಣ್ಣೆ ನಾಗಣ್ಣ ಇರುವಾಗ ಬೇರೆಯವರು ಯಾಕೆ ಎಂದರು. ಬೀಜದ ಹೊಗೆ ಹಿಡಿದ ಒಂದು ತಲೆಬಟ್ಟೆಯನ್ನು ನನ್ನ ಕಣ್ಣಿಗೆ ಬಿಗಿದರು.

ಬಳೆ ತೆಗೆದು ಬಂದಿದ್ದರೂ ಸಣ್ಣಿಯನ್ನು ಹೇಳಿದೆ. ಸೊಟ್ಟ ಬೆರಳಿನ ಗಂಗಾ. ಸುಪ್ರಿಯಾ. ಹರಿಹರ ಶೆಟ್ಟರು ನಗೆಯಾಟಕ್ಕೆ ತಮ್ಮ ಕೈ ಕೊಟ್ಟರು, ಅದನ್ನೂ ಹೇಳಿದೆ. ಚಪ್ಪಾಳೆಯೋ ಚಪ್ಪಾಳೆ. ನರೇಶ ಇಂಗ್ಲಿಷಿನಲ್ಲಿ ಎಕ್ಸಲೆಂಟ್ ಎಂದ.

ಐದನೆಯ ಕೈ ಬಂತು. ಬೆರಳು ಬಾಗಿತ್ತು. ಅಂಗೈ ಬಟ್ಟಲಾಗಿತ್ತು.

ಆ ಕ್ಷಣ ಹೆಸರು ಹೇಳುವುದು ಎಷ್ಟು ಸುಲಭವಿತ್ತು ಗೊತ್ತೆ? ನಾಲ್ಕು ಜನರನ್ನು ಹೇಳಿದವನು ಐದನೆಯವಳನ್ನು ಹೇಳಿದರೆ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಆದರೆ ಹೇಳಿದರೆ ಕೈ ಬಿಡಬೇಕು. ಇನ್ನು ಸ್ವಲ್ಪ ಹೊತ್ತು ಇರಲಿ ಎನಿಸಿತು. ದುರಾಸೆ. ನಾಲ್ಕು ವರ್ಷ ನೋಡಿದ ಕೈ ಮೊದಲ ಸಲ ನನ್ನ ಕೈಯಲ್ಲಿತ್ತು, ಬೆಚ್ಚಗಿತ್ತು, ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಕಲೆ ಒರಟಾಗಿತ್ತು. ಸಾಲಿನ ಇನ್ನೊಬ್ಬಳ ಹೆಸರು ಹಿಡಿದು ‘ಸುಬ್ಬಲಕ್ಷ್ಮಿ’ ಎಂದೆ. ಎಲ್ಲರೂ ಓ ಎಂದು ಕೂಗಿದರು.

‘ಅಂಕಿತಾ’ ಎಂದೆ. ನಗೆ ಎದ್ದಿತು.

ಆಗ ನನ್ನ ಮಣಿಕಟ್ಟಿನ ಮೇಲೆ ಒಂದು ಗೆಣ್ಣು ಎರಡು ಸಲ ತಟ್ಟಿತು. ಮೆಲ್ಲಗೆ. ಬೇರೆ ಯಾರಿಗೂ ಕಾಣದಷ್ಟು.

ಮಾತಾಡಬಾರದು ಎನ್ನುವ ನಿಯಮದೊಳಗೆ ಒಬ್ಬ ಹೆಣ್ಣುಮಗಳು ಹೇಳಬಹುದಾದದ್ದನ್ನೆಲ್ಲ ಅವಳು ಹೇಳಿದಳು. ನಾನು ಎಂದಳು. ನಾಳೆ ಸೋಮವಾರ ಎಂದಳು. ನಿನಗೆ ನನ್ನ ಗುರುತಿದೆಯೋ ಇಲ್ಲವೋ ಎಂದು ಕೇಳಿದಳು. ಹೆಸರು ನನ್ನ ಗಂಟಲಿಗೆ ಬಂತು. ನಾಲ್ಕು ವರ್ಷ ಮನಸ್ಸಿನಲ್ಲೇ ಅಂದುಕೊಂಡಿದ್ದ ಹೆಸರು, ಒಂದು ಸಲವೂ ಗಟ್ಟಿಯಾಗಿ ಉಚ್ಚರಿಸಿರಲಿಲ್ಲ. ಈಗ ಉಚ್ಚರಿಸಿದರೆ ನನ್ನ ದನಿಯಲ್ಲೇ ಎಪ್ಪತ್ತು ಜನಕ್ಕೆ ಎಲ್ಲ ತಿಳಿದುಹೋಗುತ್ತದೆ ಎಂದು ಹೆದರಿದೆ.

‘ಸಣ್ಣಿ’ ಎಂದೆ.

ಸಣ್ಣಿಯನ್ನು ಮೊದಲೇ ಹೇಳಿಯಾಗಿತ್ತು. ಜನ ನಕ್ಕು ನಕ್ಕು ಮರಳಿನ ಮೇಲೆ ಕೂತರು. ನರೇಶ ಸೀಟಿ ಊದಿದ. ಕೈ ಹೋಯಿತು. ನಾನು ಬಟ್ಟೆ ಬಿಚ್ಚುವಷ್ಟರಲ್ಲಿ ಅವಳು ವೃತ್ತದೊಳಗೆ ಸೇರಿಕೊಂಡು ಎಲ್ಲರ ಜೊತೆ ನಗುತ್ತಿದ್ದಳು.

೬

ಸೋಮವಾರ ಬೆಳಿಗ್ಗೆ ಎಂಟು ಗಂಟೆ. ಕಿಂಡಿಯೊಳಗಿಂದ ಕೈಗಳು ಬಂದವು. ಅವಳದ್ದೂ ಬಂತು, ಯಾವತ್ತಿನಂತೆ ಬಟ್ಟಲಾಗಿ. ಇವತ್ತು ತಟ್ಟಿದರೆ ಬಗ್ಗಿ ನೋಡಿ ಮಾತಾಡಿಯೇ ಬಿಡುತ್ತೇನೆ ಎಂದು ರಾತ್ರಿಯೆಲ್ಲ ನಿರ್ಧಾರ ಮಾಡಿದ್ದೆ. ಎಣ್ಣೆ ಬಿಟ್ಟೆ. ಬಿಡುತ್ತಲೇ ಇದ್ದೆ.

“ಆತು, ನಾಗಣ್ಣ.”

ಎಣ್ಣೆ ಅಂಗೈ ತುಂಬಿ ಹಲಗೆಗೆ ಚೆಲ್ಲಿತ್ತು.

೭

ನಿಮಗೆ ಇದು ಇಷ್ಟವಾಗಿಲ್ಲ ಎಂದು ಗೊತ್ತು. ನನಗೂ ಆಗಿಲ್ಲ. ಬೇರೆ ಮುಕ್ತಾಯಗಳು ಸ್ಟಾಕಿನಲ್ಲಿವೆ, ನೋಡಿ.

(ಅ) ನಾನು ಸರಿಯಾದ ಹೆಸರು ಹೇಳುತ್ತೇನೆ. ಚಪ್ಪಾಳೆ. ಮದುವೆ. ನರೇಶ ನಮ್ಮ ಫೋಟೊವನ್ನು ತನ್ನ ಪ್ರಾಜೆಕ್ಟ್ ರಿಪೋರ್ಟಿಗೆ ಅಂಟಿಸುತ್ತಾನೆ. ಇದನ್ನು ಎರಡು ಪುಟ ಬರೆದೆ. ಅದರೊಳಗೆ ನಾವಿಬ್ಬರೂ ತುಂಬ ಚಂದ ಮಾತಾಡುತ್ತಿದ್ದೆವು, ಮಾತಾಡಿದ್ದೇ ಸುಳ್ಳೆಂದು ತಿಳಿಯುತ್ತಿತ್ತು.

(ಆ) ಏಳು ವರ್ಷದ ನಂತರ ಹೊನ್ನಾವರದ ಬಸ್‌ಸ್ಟ್ಯಾಂಡ್. ಭಟ್ಕಳದ ಬಸ್ಸಿನ ಕಿಟಕಿಯ ಸರಳಿನ ಮೇಲೆ ಒಂದು ಕೈ. ಸಿಪ್ಪೆಯೆಣ್ಣೆಯ ಕಪ್ಪು ಪೂರ್ತಿ ಹೋಗಿತ್ತು, ಹೆಬ್ಬೆರಳಿನ ಬುಡದ ಕಲೆ ಮಾತ್ರ ಹಾಗೇ ಇತ್ತು. ಮಗಳು ಮಡಿಲಲ್ಲಿ ಮಲಗಿದ್ದಳು. ನಾನು ಕಿಟಕಿಯ ಕೆಳಗೆ ಹೋಗಿ ನಿಂತೆ. ಎರಡು ಸಲ ತಟ್ಟಿದ ಸದ್ದು ಕೇಳಿತು. ಬಸ್ಸು ಹೊರಟಿತು. ತಟ್ಟಿದ್ದು ಕಂಡಕ್ಟರ್.

(ಇದರಲ್ಲಿ ಬಸ್‌ಸ್ಟ್ಯಾಂಡ್ ನಿಜ, ಕೈ ನಿಜ, ಮಗು ನಿಜ. ನಾನು ಕಿಟಕಿಯ ಕೆಳಗೆ ಹೋದದ್ದು ಸುಳ್ಳು. ದೂರದಲ್ಲಿ ಪೇಪರ್ ಅಂಗಡಿಯ ಹತ್ತಿರವೇ ನಿಂತಿದ್ದೆ.)

(ಇ) ನರ್ಮದಾಳೇ ಮುಗಿಸಲಿ ಎಂದು ಪೆನ್ನು ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

“ನಿಮಗೆ ಮೂರು ಸಲ ಹೇಳುಕೆ ಕೊಟ್ಟಿದ್ರು. ನಂಗೆ ಒಂದ್ ಸಲನೂ ಇಲ್ಲಾಗಿತ್ತು. ನಾ ಇನ್ನೆಂತ ಮಾಡೂದಾಗಿತ್ತು ಹೇಳಿ.”

ನೀನು ತಟ್ಟಿದ್ದು ನಾನು ಅಂದುಕೊಂಡ ಅರ್ಥದಲ್ಲೇನಾ ಎಂದು ಕೇಳಿದೆ. ಅವಳ ಬಾಯಲ್ಲಿ ಹೌದು ಎನ್ನಿಸುವುದು ನನಗೆ ಒಂದು ಪದದ ಕೆಲಸ. ಬರೆಯುವವನು ನಾನೇ ತಾನೆ? ಹಾಗೆ ಸಿಕ್ಕ ಹೌದು ಇಟ್ಟುಕೊಂಡು ನಾನು ಏನು ಮಾಡಲಿ? ಬರೆಯಲಿಲ್ಲ. ಅವಳು ಚಾ ಊದುತ್ತಾ ಕೂತಳು, ಕೆನೆ ಬಂದಿತ್ತು.

೧೧

(ಎಂಟು, ಒಂಬತ್ತು, ಹತ್ತು ಎಲ್ಲಿ ಎಂದು ಕೇಳಬೇಡಿ. ಇದು ಹನ್ನೊಂದನೆಯ ಆಟ. ಅಲ್ಲಿಗೇ ಮರಳಿ ಬಂದಿದ್ದೇನೆ.)

ನಾಲ್ಕನೆಯ ಕರಡನ್ನು ಯಾಕೆ ಹರಿದೆ ಎಂದು ಹೇಳುವುದು ಬಾಕಿಯಿತ್ತು. ಅದರಲ್ಲಿ ಅವಳ ನಿಜವಾದ ಹೆಸರು ಬರೆದಿದ್ದೆ. ಪೂರ್ತಿ ಹೆಸರು, ಸ್ಪಷ್ಟ ಅಕ್ಷರದಲ್ಲಿ. ಎಂಟು ವರ್ಷದ ನಂತರವಾದರೂ ಹೇಳಿದೆನಲ್ಲ ಎಂದು ಒಂದು ಗಳಿಗೆ ಹಗುರವಾಯಿತು. ಮರುಗಳಿಗೆ ಆಟದ ನಿಯಮ ನೆನಪಾಯಿತು. ಹೆಸರು ಸರಿಯಾದರೆ ಕೈ ಬಿಡಬೇಕು. ಹಾಳೆಯನ್ನು ನಾಲ್ಕು ತುಂಡು ಮಾಡಿದೆ.

ನರ್ಮದಾ ಅವಳ ಹೆಸರಲ್ಲ. ಅದು ನಾಲ್ಕನೆಯ ತಪ್ಪು ಹೆಸರು. ಇದು ಮೂರನೆಯದರ ಹಾಗೆ ಹೆದರಿ ಹೇಳಿದ್ದಲ್ಲ, ಬೇಕೆಂದೇ ಹೇಳಿದ್ದು. ನಾಳೆ ಇದನ್ನು ಇನ್ನೊಂದು ಹೆಸರಿಟ್ಟು ಬರೆಯುತ್ತೇನೆ, ನಾಡಿದ್ದು ಮತ್ತೊಂದು.

ಬಟ್ಟೆಯನ್ನು ಕಣ್ಣಿಗೆ ಮತ್ತೆ ಕಟ್ಟಿಕೊಂಡಿದ್ದೇನೆ. ಐದನೆಯ ಕೈ ನನ್ನ ಕೈಯಲ್ಲಿದೆ, ಬೆಚ್ಚಗಿದೆ. ಜನ ನಗುತ್ತಿದ್ದಾರೆ. ನರೇಶ ಸೀಟಿಯನ್ನು ತುಟಿಗಿಟ್ಟುಕೊಂಡು ಕಾಯುತ್ತಿದ್ದಾನೆ.

ಕಾಯಲಿ.